ಒಗ್ಗರಣೆಯಿಲ್ಲದ ಯುಗಾದಿ

ನಲವತ್ತೊಂಬತ್ತು ತುಂಬಿದ ಮೇಲೆ ನನ್ನ ಮೈಮೇಲೆ ಅಮ್ಮ ಬಂದಳು. ಸಣ್ಣ ಮಕ್ಕಳಿಗೆ ಬಂದು ಹೋಗುವಂಥದ್ದು. ಡಾಕ್ಟರು ಚೀಟಿಯ ಮೇಲೆ ಚಿಕನ್‌ಪಾಕ್ಸ್ ಎಂದು ಬರೆದರು. ನಮ್ಮ ಮನೆಯಲ್ಲಿ ಆ ಹೆಸರು ಹೇಳುವಂತಿಲ್ಲ. ದೇವಿ ಬಂದಿದ್ದಾಳೆ ಎನ್ನಬೇಕು, ಬೇನೆ ಎನ್ನಬಾರದು, ಯಾವಾಗ ಹೋಗುತ್ತಾಳೆ ಎಂದು ಕೇಳಲೂಬಾರದು. ಮೂವತ್ತು ವರ್ಷ ಪ್ರತಿ ಮಂಗಳವಾರ ದೀಪ ಹಚ್ಚಿ ‘ತಾಯಿ, ನನ್ನ ಮನೆಗೆ ಬಾ’ ಎಂದು ಕರೆದವಳು ನಾನೇ. ಬಂದಳು. ಬಂದ ಮೇಲೆ ಎಲ್ಲಿ ಕೂರಬೇಕೆಂದು ನಾನು ಸರಿಯಾಗಿ ಹೇಳಿರಲಿಲ್ಲ, ಅಷ್ಟೇ. ಮೂಗಿನ ತುದಿಯನ್ನೂ ಬಿಡಲಿಲ್ಲ.

ಎಲ್ಲಿಂದ ಬಂದಳು ಎನ್ನುವುದೂ ನನಗೆ ಗೊತ್ತು. ಅದಕ್ಕೆ ಎರಡು ವಾರ ಮೊದಲು ಒಂದು ಶನಿವಾರ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೋಗಿದ್ದೆ. ಪಾಳಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳ ಕೂಸು ಒಂದೇ ಸಮನೆ ಅಳುತ್ತಿತ್ತು. ‘ಕೊಡವ್ವ ಇಲ್ಲೆ’ ಎಂದು ನಾನೇ ಇಸಿದುಕೊಂಡು ಅರ್ಧ ತಾಸು ಹೆಗಲ ಮೇಲೆ ಹಾಕಿಕೊಂಡು ನಿಂತೆ. ಯಾರೂ ನನ್ನನ್ನು ಕೇಳಿರಲಿಲ್ಲ. ಪುಣ್ಯ ಎಲ್ಲಿ ಸಿಕ್ಕರೂ ಬಿಡಬಾರದು ಎನ್ನುವ ದುರಾಸೆ ನನಗೆ ಮೊದಲಿನಿಂದಲೂ ಇದೆ. ಕೂಸಿನ ಗಲ್ಲದ ಮೇಲೆ ಎರಡು ಗುಳ್ಳೆ ಇದ್ದವು. ‘ಸೊಳ್ಳಿ ಕಡದೈತ್ರಿ’ ಎಂದಳು ಅದರ ತಾಯಿ. ನಾನು ನಂಬಿದೆ. ನಂಬಿದ್ದಲ್ಲದೆ ಆ ಗುಳ್ಳೆಗಳಿಗೆ ಮುತ್ತು ಬೇರೆ ಕೊಟ್ಟೆ.

ನನಗೊಬ್ಬಳಿಗೇ ಬಂದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮೈ ಕೆರೆದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಆ ಎರಡು ವಾರ ಕಳೆಯುವ ಹೊತ್ತಿಗೇ ಮಗಳ ಕುಬಸ ಇತ್ತು. ಅವಳನ್ನು ಹಾವೇರಿಗೆ ಕೊಟ್ಟಿದ್ದೇವೆ. ಮೊದಲ ಬಸಿರು, ಏಳನೆಯ ತಿಂಗಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ನಮ್ಮ ಬ್ಯಾಡಗಿಯ ಮನೆಯಲ್ಲೇ ಒಂದು ಭಾನುವಾರ ಕುಬಸ ಮಾಡಿದೆವು. ನಾನೇ ತುತ್ತು ಮಾಡಿ ಬಾಯಿಗೆ ಹಾಕಿದೆ, ಗಲ್ಲಕ್ಕೆ ಗಲ್ಲ ಹಚ್ಚಿ ದೃಷ್ಟಿ ತೆಗೆದೆ. ಸೋಮವಾರ ಮೈ ಬಿಸಿಯಾಯಿತು; ಓಡಾಡಿದ ದಣಿವು ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಕಂಡವು. ಮೆಣಸಿನಕಾಯಿ ಧೂಳು ಎಂದುಕೊಂಡೆ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯಲ್ಲಿ ಕಣ್ಣುರಿದರೂ ಸೀನು ಬಂದರೂ ಮೈ ತುರಿಸಿದರೂ ಎಲ್ಲ ಪಾಪವನ್ನೂ ಮೆಣಸಿನಕಾಯಿಯ ತಲೆಗೇ ಕಟ್ಟುತ್ತೇವೆ. ಮಗಳು ಬಂದು ನೋಡಿದಳು. ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

“ಅವ್ವಾ, ಇದು ಖಾರದ್ದಲ್ಲ.”

ಅವತ್ತು ಮಧ್ಯಾಹ್ನವೇ ಅವಳನ್ನು, ಜೊತೆಗೆ ನನ್ನ ಅತ್ತೆಯನ್ನೂ, ರಾಣೇಬೆನ್ನೂರಿಗೆ, ನನ್ನ ನಾದಿನಿಯ ಮನೆಗೆ ಕಳಿಸಿದೆವು. ಹಾವೇರಿಯಲ್ಲಿ ಮಗಳ ಅತ್ತೆಯ ಮನೆಯಲ್ಲಿ ಮೂರು ತಿಂಗಳ ಹಸುಗೂಸು ಇತ್ತು, ಅಲ್ಲಿಗೆ ಹೋಗುವಂತಿರಲಿಲ್ಲ. ಬೀಗಿತ್ತಿ ಫೋನು ಮಾಡಿದರು. ಮಾತು ಜೇನಿನಂತೆ, ಜೇನುಹುಳದ ಮುಳ್ಳೂ ಅದರಲ್ಲೇ. “ಉಡಿ ತುಂಬಿ ಕಳಸ್ರಿ ಅಂದಿದ್ವಿ, ದೇವಿನ್ನೂ ಕೂಡ ಹಾಕಿ ಕಳಸೀರೇನ್ರಿ?”

ರಾಣೇಬೆನ್ನೂರಿನ ಡಾಕ್ಟರಮ್ಮ ಮಗಳಿಗೆ ಕೇಳಿದ್ದು ಒಂದೇ ಪ್ರಶ್ನೆ. ಸಣ್ಣವಳಿದ್ದಾಗ ಇದು ಬಂದು ಹೋಗಿದೆಯೇ? ಬಂದಿದ್ದರೆ ಹೆದರಬೇಕಾಗಿಲ್ಲ, ಕೂಸಿಗೂ ಏನೂ ಇಲ್ಲ. ಬಂದಿರದಿದ್ದರೆ ಹುಬ್ಬಳ್ಳಿಯಿಂದ ಒಂದು ಇಂಜೆಕ್ಷನ್ ತರಿಸಿ ಲಗೂನೆ ಕೊಡಬೇಕು, ಆಮೇಲೂ ಹೆರಿಗೆಯವರೆಗೆ ಎಚ್ಚರದಿಂದಿರಬೇಕು. ಖಾತ್ರಿ ಮಾಡಿಕೊಳ್ಳಲು ರಕ್ತ ತೆಗೆದುಕೊಂಡರು. ನಡುವೆ ಯುಗಾದಿ ಬಿತ್ತು. ಹಬ್ಬದ ಮರುದಿನ ರಿಪೋರ್ಟು ಎಂದರು.

ಮಗಳು ಫೋನು ಮಾಡಿ ಕೇಳಿದಳು. “ಅವ್ವಾ, ಸಣ್ಣಾಕಿದ್ದಾಗ ನನಗ ಅಮ್ಮ ಬಂದಿತ್ತೇನು?”

ತಾಯಿಗೆ ಗೊತ್ತಿರಬೇಕಾದ ಮಾತು. ನನಗೆ ಗೊತ್ತಿರಲಿಲ್ಲ.

ನನ್ನ ನೆನಪಿನ ಮೇಲೆ ನನಗೆ ಬಹಳ ಹೆಮ್ಮೆಯಿತ್ತು ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಯಾವ ಮದುವೆಯಲ್ಲಿ ಯಾರು ನನಗೆ ಎಂಥ ರವಿಕೆಯ ಕಣ ಆಯೇರಿ ಮಾಡಿದರು, ಯಾವ ವರ್ಷದ ಶ್ರಾವಣದಲ್ಲಿ ಯಾವ ಸೋಮವಾರ ನಾನು ತಪ್ಪಿ ಚಹಾ ಕುಡಿದು ಉಪವಾಸ ಕೆಡಿಸಿಕೊಂಡೆ, ಹತ್ತು ವರ್ಷದ ಹಿಂದೆ ಅತ್ತೆ ಯಾರೆದುರಿಗೆ ನನ್ನ ಹೋಳಿಗೆ ದಪ್ಪ ಎಂದರು, ಎಲ್ಲ ನೆನಪಿದೆ. ನನ್ನ ಇಬ್ಬರು ಮಕ್ಕಳಲ್ಲಿ ಯಾರ ಮೈಮೇಲೆ ದೇವಿ ಇಳಿದಿದ್ದಳು ಎನ್ನುವುದು ಮಾತ್ರ ನೆನಪಿಲ್ಲ.

ಒಬ್ಬರಿಗೆ ಬಂದಿದ್ದಂತೂ ಖರೆ. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಮಗಳಿಗೆ ಐದು ವರ್ಷ, ಮಗನಿಗೆ ಮೂರು. ಒಬ್ಬರಿಗೆ ಗುಳ್ಳೆ ಎದ್ದ ಕೂಡಲೇ ಇನ್ನೊಬ್ಬರನ್ನು ನನ್ನ ತವರೂರು ಹೊಸರಿತ್ತಿಗೆ, ಅಕ್ಕನ ಮನೆಗೆ ಸಾಗಿಸಿದ್ದೆವು. ಬೇವಿನೆಲೆಯ ಹಾಸಿಗೆಯ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ ಮಗುವಿನ ಬೆನ್ನು ನನ್ನ ಕಣ್ಣ ಮುಂದೆ ಈಗಲೂ ಇದೆ. ಉದ್ದನೆಯ ಒಂದು ಜಡೆ, ಹಳದಿ ಫ್ರಾಕು. ಹಾಗಾದರೆ ಮಗಳೇ ಅಲ್ಲವೇ ಎಂದು ನೀವು ಕೇಳಬಹುದು. ಮಗನ ಜವಳ ಆಗಿರಲಿಲ್ಲ. ಹನುಮಪ್ಪನ ಗುಡಿಯಲ್ಲಿ ಕೂದಲು ಕೊಡುವ ಹರಕೆ ಹೊತ್ತಿದ್ದರಿಂದ ಅವನ ತಲೆಗೆ ಕತ್ತರಿ ತಾಗಿಸಿರಲಿಲ್ಲ. ಅಕ್ಕನಿಗಿಂತ ತಮ್ಮನ ಜಡೆಯೇ ದಪ್ಪ. ಅಕ್ಕನ ಹಳೆಯ ಫ್ರಾಕುಗಳು ಹಾಳಾಗಬಾರದೆಂದು ಮನೆಯಲ್ಲಿ ಅವನಿಗೇ ತೊಡಿಸುತ್ತಿದ್ದೆ. ಹೂವು ಮುಡಿಸಿ ಆನಂದ ಪಟ್ಟದ್ದೂ ಉಂಟು. ಮಾಡಿದ್ದನ್ನು ದೇವಿ ಈಗ ಎದುರಿಗಿಟ್ಟು, ‘ಹೇಳವ್ವ ಜಾಣೆ, ಇದು ಯಾರ ಬೆನ್ನು?’ ಎಂದು ಕೇಳುತ್ತಿದ್ದಳು. ಅಮ್ಮ ಬಂದ ಮಗುವಿನ ಫೋಟೋ ಯಾರೂ ತೆಗೆಯುವುದಿಲ್ಲ, ಹಾಗಾಗಿ ಅದೂ ಇಲ್ಲ.

ಫೋನಿನ ಮೇಲೆ ಸಾಕ್ಷಿ ಕಲೆಹಾಕಿದೆ. ಗಂಡನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಯಾವುದೋ ಒಂದಕ್ಕ ಬಂದಿತ್ತಲ್ಲ” ಎಂದರು. ಹೊಸರಿತ್ತಿಯ ಅಕ್ಕನನ್ನು ಕೇಳಿದೆ. “ನಿನ್ನ ಮಕ್ಕಳು ವರ್ಷದಾಗ ಆರು ತಿಂಗಳ ನಮ್ಮನ್ಯಾಗ ಇರತಿದ್ವು. ಯಾವಾಗ ಯಾವುದನ್ನ ತಂದು ಒಗದೀ ಅಂತ ನಾ ಏನ ಬರದಿಟ್ಟೇನಿ?” ಎಂದಳು. ಮಗಳಿಗೆ ಬೇವಿನೆಲೆಯ ನೆನಪಿತ್ತು. ಆದರೆ ಅವಳೇ, “ದೊಡ್ಡವ್ವನ ಮನಿ ಮುಂದೂ ಬೇವಿನ ಗಿಡ ಐತಲ್ಲವ್ವ” ಎಂದು ಸಣ್ಣಗೆ ಹೇಳಿದಳು.

ಗಟ್ಟಿಯಾಗಿ ಸಾಕ್ಷಿ ಹೇಳಿದವರು ನನ್ನ ಅತ್ತೆ ಒಬ್ಬರೇ. “ಹುಡುಗಗ ಬಂದಿತ್ತು. ನನಗ ಚಂದ ನೆನಪೈತಿ. ಹುಡುಗಿನ್ನ ಹೊಸರಿತ್ತಿಗೆ ಕಳಿಸಿದ್ವಿ.”

ಅತ್ತೆಗೆ ಎಪ್ಪತ್ತೆಂಟು. ಮನೆಯ ಮಾತಿನಲ್ಲಿ ಅವರು ತಪ್ಪಿದ್ದನ್ನು ನಾನು ನೋಡಿಲ್ಲ. ಅಂದರೆ, ತಪ್ಪು ಎಂದು ಅವರೆದುರು ಯಾರಾದರೂ ಹೇಳಿದ್ದನ್ನು ನೋಡಿಲ್ಲ. ಅವರ ಮಾತು ಖರೆಯಾದರೆ ಮಗಳಿಗೆ ಅಮ್ಮ ಬಂದೇ ಇಲ್ಲ. ನಾನು ಗಲ್ಲಕ್ಕೆ ಗಲ್ಲ ಹಚ್ಚಿದ್ದೇನೆ.

ಹೀಗೆ ಎಲ್ಲರೂ ರಾಣೇಬೆನ್ನೂರಿನಲ್ಲಿ, ನಾನೊಬ್ಬಳು ಬ್ಯಾಡಗಿಯಲ್ಲಿ. ಮಗ ದಾವಣಗೆರೆಯಲ್ಲಿ ಬೈಕಿನ ಶೋರೂಮಿನ ಕೆಲಸದಲ್ಲಿದ್ದಾನೆ. ಕುಬಸಕ್ಕೆ ರಜೆ ಸಿಗದವನಿಗೆ ಹಬ್ಬಕ್ಕೆ ಸಿಕ್ಕಿತು, ಅವನೂ ನೇರ ಸೋದರತ್ತೆಯ ಮನೆಗೇ ಹೋದ. ಗಂಡ ಇಲ್ಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳ ಉಸ್ತುವಾರಿ. ಅವರಿಗೆ ಸಣ್ಣಂದಿನಲ್ಲಿ ಅಮ್ಮ ಬಂದಿತ್ತೋ ಇಲ್ಲವೋ ಅದೂ ಯಾರಿಗೂ ನೆನಪಿಲ್ಲ. ಅದಕ್ಕೇ ಅವರು ಆ ದಿನಗಳಲ್ಲಿ ಸ್ಟೋರೇಜಿನ ಆಫೀಸು ಕೋಣೆಯಲ್ಲೇ ಮಲಗುತ್ತಿದ್ದರು.

ನನ್ನನ್ನು ನೋಡಿಕೊಳ್ಳಲು ಎದುರುಮನೆಯ ಅಜ್ಜಿ ಬರುತ್ತಿದ್ದಳು. ಮೋಟೆಬೆನ್ನೂರಿನ ಮಗಳು, ವಯಸ್ಸು ಎಂಬತ್ತರ ಆಚೆ. ಸಣ್ಣಂದಿನಲ್ಲೇ ಅಮ್ಮ ಬಂದು ಹೋಗಿ ಗಲ್ಲದ ಮೇಲೆ ಮೂರು ಗುರುತು ಬಿಟ್ಟಿದ್ದರಿಂದ ಅವಳಿಗೆ ಭಯವಿಲ್ಲ. ದೇವಿ ಇರುವ ಮನೆಯ ಕಟ್ಟಳೆಗಳೆಲ್ಲ ಅವಳ ನಾಲಿಗೆಯ ಮೇಲೆ. ಒಗ್ಗರಣೆ ಹಾಕುವಂತಿಲ್ಲ. ಹಂಚು ಇಡುವಂತಿಲ್ಲ, ಅಂದರೆ ರೊಟ್ಟಿಯೂ ಇಲ್ಲ ಹೋಳಿಗೆಯೂ ಇಲ್ಲ. ಖಾರ ಮುಟ್ಟುವಂತಿಲ್ಲ. ತಲೆ ಬಾಚುವಂತಿಲ್ಲ. ದಿನವೂ ಮೊಸರನ್ನ ದೇವಿಗೆ ಎಡೆ, ಅದೇ ನನಗೆ ಊಟ. ಇದೆಲ್ಲ ಬ್ಯಾಡಗಿಯಲ್ಲಿ, ಸುಗ್ಗಿಯ ಕಾಲದಲ್ಲಿ! ಹೊರಗೆ ಊರಿಗೆ ಊರೇ ಒಗ್ಗರಣೆ ಹಾಕಿದ ಹಾಗೆ ಘಾಟು, ಒಳಗೆ ನಾನು ಸುಣ್ಣದಂಥ ಅನ್ನ ನುಂಗುತ್ತ ಕೂತಿರುತ್ತಿದ್ದೆ.

ಅಮ್ಮ ಬಂದವರನ್ನು ದೇವಿಯೆಂದೇ ಕಾಣಬೇಕಲ್ಲ. ಅಜ್ಜಿ ದಿನವೂ ಬೆಳಿಗ್ಗೆ ಬಂದು ನನ್ನ ಕಾಲಿಗೆ ಕೈ ಮುಟ್ಟಿಸಿ, “ತಾಯೀ, ತಣ್ಣಗಿರವ್ವ, ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊ” ಎನ್ನುತ್ತಿದ್ದಳು. ಅದೇ ಉಸಿರಿನಲ್ಲಿ, “ಕೈ ತಗೀಲೇ, ಕೆರಕೋಬ್ಯಾಡ ಅಂದ್ರ ತಿಳೀದಿಲ್ಲ ನಿನಗ? ದನಕ್ಕರೆ ಹೇಳಬಹುದು” ಎಂದು ಬೈಯುತ್ತಿದ್ದಳು. ಯಾವ ಮಾತು ನನಗೆ, ಯಾವುದು ದೇವಿಗೆ ಎಂದು ಹಂಚಿಕೊಳ್ಳುವುದರಲ್ಲಿ ನನ್ನ ಅರ್ಧ ದಿನ ಕಳೆಯುತ್ತಿತ್ತು. ಬೈಗುಳ ಒಂದೂ ದೇವಿಯ ಪಾಲಿಗೆ ಹೋಗಲಿಲ್ಲ.

ಯುಗಾದಿಯ ದಿನ ಬೆಳಿಗ್ಗೆ ಗಂಡ ಬಂದು ರಸ್ತೆಯ ಆಚೆ ನಿಂತರು. ಮೈತುಂಬ ಮೆಣಸಿನಕಾಯಿ ಧೂಳು. ಅಜ್ಜಿ ಕಟ್ಟೆಯ ಮೇಲೆ ಕಾವಲಿಗೆ ಕೂತಿದ್ದಳು.

“ಖಾರದ ಮೈ ತಗೊಂಡು ಹೊಸ್ತಿಲಾ ದಾಟಬ್ಯಾಡೋ ಯಪ್ಪಾ. ಒಳಗ ತಾಯಿ ಅದಾಳ.”

“ಒಳಗಿರಾಕಿ ನನ್ನ ಹೇಣ್ತಿ ಅಜ್ಜಿ.”

“ಇವತ್ತ ಅಲ್ಲ.”

ನಾನು ಕಿಟಕಿಯಿಂದ, “ಹಬ್ಬಕ್ಕ ಹೊಂಟೀರಿ, ಹೊಸ ಅಂಗಿ ಹಾಕ್ಕೊಳ್ಳಿಲ್ಲೇನ್ರಿ?” ಎಂದೆ.

“ಎಲ್ಲಿಟ್ಟಿ?”

“ಕಪಾಟಿನ್ಯಾಗ.”

“ಕಪಾಟ ಎಲ್ಲೈತಿ?”

ಕಪಾಟು ಒಳಗೆ, ನನ್ನ ಬೆನ್ನ ಹಿಂದೆ ಇತ್ತು. ಅವರು ಅದೇ ಅಂಗಿಯಲ್ಲಿ ರಾಣೇಬೆನ್ನೂರಿಗೆ ಹೋದರು. ಹೋಗುವ ಮೊದಲು ಕಟ್ಟೆಯ ಮೇಲೆ ಒಂದು ಚೀಲ ಇಟ್ಟರು. ಎರಡು ಪಾಕೀಟು ಮೊಸರು, ಒಂದು ಕಲ್ಲಂಗಡಿ, ಕಾಗದದಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ. ತಲೆ ಬಾಚುವಂತಿಲ್ಲ, ಹೂವು ಎಲ್ಲಿ ಮುಡಿಯಲಿ? ದೇವರ ಮುಂದೆ ಇಟ್ಟೆ. ಆದರೂ ತಂದರಲ್ಲ ಎಂದು ಬೆರಳು ಮಡಚಿದೆ. ದೇವರ ಉಪಕಾರಗಳನ್ನು ಬೆರಳ ಮೇಲೆ ಎಣಿಸುವುದು ನನ್ನ ಚಟ. ಜ್ವರ ಇಳಿದಿದೆ, ಒಂದು. ಕಣ್ಣೊಳಗೆ ಗುಳ್ಳೆ ಎದ್ದಿಲ್ಲ, ಎರಡು. ಮಲ್ಲಿಗೆ, ಮೂರು. ಮಗಳ ಮೈಮೇಲೆ ಇನ್ನೂ ಏನೂ ಎದ್ದಿಲ್ಲ... ಆ ಬೆರಳನ್ನು ಮಡಚಲು ಧೈರ್ಯವಾಗಲಿಲ್ಲ. ಎಣಿಸಿದರೆ ಎಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಾನೋ ಎಂದು ಹಾಗೇ ಬಿಟ್ಟೆ. ದೇವರ ಮೇಲೆ ನನ್ನ ನಂಬಿಕೆ ಅಷ್ಟು ಗಟ್ಟಿ.

ಯುಗಾದಿಗೆ ಎಲ್ಲರೂ ಎಣ್ಣೆ ಸ್ನಾನ ಮಾಡಿ ಬೇವು-ಬೆಲ್ಲ ತಿನ್ನುತ್ತಾರೆ. ನನಗೆ ಎಣ್ಣೆ ಇಲ್ಲ, ಬೇವಿನ ನೀರು ಮಾತ್ರ. ಹಾಸಿಗೆಯಲ್ಲಿ ಬೇವು, ಬಾಗಿಲಿಗೆ ಬೇವು, ಬೀಸಿಕೊಳ್ಳಲು ಬೇವು. ಬೆಲ್ಲವನ್ನು ಆ ವರ್ಷ ರಾಣೇಬೆನ್ನೂರಿನವರೇ ಪೂರ್ತಿ ತಿಂದರು ಎಂದು ಕಾಣುತ್ತದೆ. ಮಧ್ಯಾಹ್ನ ಮೈ ತುರಿಕೆಯಲ್ಲಿ ಊಟವೇ ಬೇಡವಾಯಿತು. ಹಬ್ಬದ ಊಟವನ್ನು ಸಂಜೆ ಏಳಕ್ಕೆ ಎಲ್ಲರ ಕೂಡ ಮಾಡೋಣ, ಅವರು ಅಲ್ಲಿ, ನಾನು ಇಲ್ಲಿ, ಫೋನು ನಡುವೆ ಎಂದು ಮಗ ಏರ್ಪಾಡು ಮಾಡಿದ.

ಏಳಕ್ಕೆ ಹತ್ತು ನಿಮಿಷ ಇರುವಾಗ ಅಡುಗೆಮನೆಯಲ್ಲಿ ತಾಟು ಹಾಕಿಕೊಂಡೆ. ಬಿಳಿ ಅನ್ನ, ಬಿಳಿ ಮೊಸರು, ಬಿಳಿ ಉಪ್ಪು. ತಾಟು ನೋಡಿದರೆ ಊಟವೋ ಗೋಡೆಗೆ ಬಳಿಯುವುದೋ ತಿಳಿಯುವಂತಿರಲಿಲ್ಲ. ಮೇಲೆ ಗೋಡೆಯ ಮಾಡದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಕಂಡಿತು. ಬಾಯಿಗೆ ಬಿಳಿ ಅರಿವೆ ಕಟ್ಟಿಸಿಕೊಂಡು ಮಡಿಯಲ್ಲಿರುವ ಅಜ್ಜಿಯ ಹಾಗೆ ಕೂತಿತ್ತು.

ಎದುರುಮನೆಯ ಅಜ್ಜಿ ತನ್ನ ಮನೆಗೆ ಹೋಗಿದ್ದಳು. ದೇವಿ ನೋಡುತ್ತಾಳೆ, ಅದು ಖರೆ; ಆದರೆ ಆರು ದಿನದಿಂದ ಅವಳೂ ಮೊಸರನ್ನವನ್ನೇ ಉಂಡಿದ್ದಾಳಲ್ಲ, ಅವಳಿಗೂ ಬೇಸರ ಬಂದಿರಬಹುದು ಎಂದು ಒಂದು ವಾದ ಹೂಡಿದೆ. ಭರಣಿ ಇಳಿಸಿ, ಅರಿವೆ ಬಿಚ್ಚಿದೆ. ಬರೇ ವಾಸನೆ ನೋಡುತ್ತೇನೆ ಎಂದು ಮೂಗು ಒಡ್ಡಿದೆ.

ಆ ವಾಸನೆ ಮೂಗಿಗೆ ಹೋದದ್ದೇ ತಡ, ಇಪ್ಪತ್ತೊಂದು ವರ್ಷದ ಹಿಂದಿನ ಇದೇ ಅಡುಗೆಮನೆ ಎದುರಿಗೆ ಬಂತು. ಹಿಟ್ಟಿನ ಡಬ್ಬಿಯ ಸಂದಿಯಲ್ಲಿ ನಾನು ಕುಕ್ಕರಗಾಲಿನಲ್ಲಿ ಕೂತಿದ್ದೇನೆ. ಎದುರಿಗೆ ಹಳದಿ ಫ್ರಾಕಿನ ಮಗು, ಮುಖದ ಗುಳ್ಳೆ ಒಣಗುತ್ತ ಬಂದಿವೆ. ಏಳೆಂಟು ದಿನ ಸಪ್ಪೆ ಅನ್ನ ತಿಂದು, ತುತ್ತು ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅತ್ತೆ ಹಿತ್ತಲಲ್ಲಿದ್ದಾರೆ. ನಾನು ಭರಣಿಯೊಳಗೆ ಬೆರಳು ಅದ್ದಿ, ಕೆಂಪಗಿನ ರಸವನ್ನು ಮಗುವಿನ ನಾಲಿಗೆಗೆ ಸವರಿದೆ. ಮಗು ಕಣ್ಣು ಮುಚ್ಚಿ ಚಪ್ಪರಿಸಿತು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, ಪಿಸುಮಾತಿನಲ್ಲಿ, “ಅಜ್ಜಿಗೆ ಹೇಳಂಗಿಲ್ಲ ನಾ. ನಿನ್ನಾಣಿ” ಎಂದಿತು.

ನಾನು ಭರಣಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. ಮಗನಿಗೆ ಮಾತು ಬಂದದ್ದು ನಾಲ್ಕು ತುಂಬಿದ ಮೇಲೆ. ಮೂರು ವರ್ಷದವನಿದ್ದಾಗ ಅವನು ಬೆರಳು ತೋರಿಸಿ, ಕಿರುಚಿ, ನೆಲಕ್ಕೆ ಬಿದ್ದು ಹೊರಳಾಡಿ ಕೆಲಸ ಸಾಧಿಸುತ್ತಿದ್ದನೇ ಹೊರತು ‘ಅವ್ವ’ ಎಂದೂ ಅಂದವನಲ್ಲ. ಆಣೆ ಹಾಕಿ ಮಾತಾಡಿದ ಮಗು ಅವನಾಗಿರಲು ಸಾಧ್ಯವೇ ಇಲ್ಲ.

ಮಗಳೇ. ಮಗಳಿಗೇ ಬಂದಿತ್ತು.

ಇಷ್ಟು ದೊಡ್ಡ ಉಪಕಾರ ಕೈಗೆ ಸಿಕ್ಕಾಗ ಒಬ್ಬ ಭಕ್ತೆಯ ಮನಸ್ಸಿನಲ್ಲಿ ಮೊದಲು ಏನು ಬರಬೇಕು? ಕೈ ಮುಗಿಯುವುದು. ನನಗೆ ಮೊದಲು ಬಂದದ್ದು, ‘ಅಯ್ಯಯ್ಯೋ, ಇದನ್ನ ಹೇಳಿದರೆ ಅತ್ತೆಗೆ ಗೊತ್ತಾಗುತ್ತದಲ್ಲ!’ ಮನೆಯಲ್ಲಿ ದೇವಿ ಇದ್ದಾಗ, ಮಡಿಯ ಭರಣಿಯಲ್ಲಿ ಎಂಜಲು ಬೆರಳು, ಅದೂ ಖಾರ. ಆ ವರ್ಷ ಅಮ್ಮ ಸುಸೂತ್ರವಾಗಿ ಇಳಿದಾಗ ಅತ್ತೆ ಓಣಿಯವರೆದುರು, ‘ನಮ್ಮ ಸೊಸಿ ಕಟ್ಟಳಿ ಭಾಳ ಚಂದ ನಡಿಸಿದ್ಲು’ ಎಂದು ಹೊಗಳಿದ್ದರು. ಅವರ ಬಾಯಿಂದ ಬಂದ ಹೊಗಳಿಕೆಗಳನ್ನು ಎಣಿಸಲು ನನಗೆ ಒಂದು ಕೈಯ ಬೆರಳೂ ಪೂರ್ತಿ ಬೇಕಾಗುವುದಿಲ್ಲ. ಇರುವುದರಲ್ಲಿ ಅದೇ ಒಳ್ಳೆಯದು.

ಫೋನು ಬಡಿದುಕೊಂಡಿತು. ಭರಣಿಯನ್ನು ಹಿಂದಕ್ಕೆ ಸರಿಸಿ, ಫೋನನ್ನು ಹಿತ್ತಾಳೆ ಚೊಂಬಿಗೆ ಆನಿಸಿಟ್ಟೆ. ಪರದೆಯ ತುಂಬ ಅತ್ತೆಯ ಮುಖ. ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಜೋಡಿಸಿ ಹಣೆಗೆ ಹಚ್ಚಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ಅತ್ತೆ ನನಗೆ ಕೈ ಮುಗಿದದ್ದು ಅದೇ ಮೊದಲು, ಅದೇ ಕೊನೆ.

“ತಾಯೀ, ನಮ್ಮ ಮಕ್ಕಳು ಮರಿನ್ನ ಕಾಯವ್ವ” ಎಂದು ದೇವಿಗೆ ಹೇಳಿ, ನನ್ನ ಕಡೆಗೆ ತಿರುಗಿದರು. ಮುಖ ಮಾತ್ರ ತಿರುಗಲಿಲ್ಲ, ದನಿ ತಿರುಗಿತು. “ಏನದು ಹಿಂದ, ಭರಣಿ?”

“ಏನಿಲ್ರಿ, ಒರಸಾಕ ಇಳಿಸಿದ್ದೆ.”

“ಹಬ್ಬದ ದಿನಾ?”

ಮಗ ಫೋನನ್ನು ಇಸಿದುಕೊಂಡು ಎಲ್ಲರ ಮುಂದೆ ತಿರುಗಿಸಿದ. ಪಂಕ್ತಿ ಕೂತಿತ್ತು. ಗಂಡ ಅದೇ ಧೂಳಿನ ಅಂಗಿಯಲ್ಲಿ. ನಾದಿನಿ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿದ್ದಳು. ಹೋಳಿಗೆ ಹಾಳೆಯಷ್ಟು ತೆಳ್ಳಗಿದ್ದವು. ಅತ್ತೆ ಅದನ್ನು ಹೇಳದೇ ಬಿಡಲಿಲ್ಲ. ನಾನು ಮೊಸರನ್ನ ಕಲಸುತ್ತ ಕೂತೆ. ಕಲಸುತ್ತ ಒಂದು ಲೆಕ್ಕ ಹಾಕಿದೆ. ನಾಳೆ ಹೇಗೂ ರಿಪೋರ್ಟು ಬರುತ್ತದೆ. ಮಗಳಿಗೆ ಬಂದಿತ್ತು ಎಂದು ಅದೇ ಹೇಳುತ್ತದೆ. ಒಂದು ರಾತ್ರಿಯ ಮಾತು. ಸುಮ್ಮನಿದ್ದರೆ ಸಂತೋಷವೂ ಸಿಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಈ ಲೆಕ್ಕ ನಾನು ಹಾಕಿದ್ದು ಖರೆ. ಬರೆಯುವಾಗ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಫೋನು ಮಗಳ ಕಡೆಗೆ ತಿರುಗಿತು. ಹಸಿರು ಬಳೆ ಇನ್ನೂ ಕೈಯಲ್ಲಿದ್ದವು. ಎದುರಿಗಿದ್ದ ಹೋಳಿಗೆಯ ಅಂಚನ್ನು ಮುರಿದು ಮುರಿದು ತಾಟಿನಲ್ಲೇ ಗುಪ್ಪೆ ಹಾಕಿದ್ದಳು, ಬಾಯಿಗೆ ಒಂದು ಚೂರೂ ಹೋಗಿರಲಿಲ್ಲ. ನನಗೆ ನಗೆ ತೋರಿಸಿದಳು. ಆಮೇಲೆ ನಾನು ನೋಡುತ್ತಿಲ್ಲ ಎಂದುಕೊಂಡು, ಬಳೆಗಳನ್ನು ಮೇಲೆ ಸರಿಸಿ ಮುಂಗೈಯನ್ನು ಲೈಟಿನ ಕಡೆಗೆ ತಿರುಗಿಸಿ ನೋಡಿಕೊಂಡಳು. ಗುಳ್ಳೆ ಎದ್ದಿದೆಯೇನೋ ಎಂದು. ಆ ಕೈಯನ್ನು ಇಳಿಸಿ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ಏ ತಂಗೀ, ಉಣ್ಣು” ಎಂದೆ. “ನಿನಗ ಅಮ್ಮ ಬಂದು ಹೋಗೇತಿ. ನಿನಗ ಬಂದಿತ್ತು.”

“ಹುಡುಗಗ ಅಂತ ನಾ ಹೇಳಿಲ್ಲೇನು?” ಎಂದು ಅತ್ತೆಯ ದನಿ ಪಕ್ಕದಿಂದ ಬಂತು.

“ಅಲ್ರಿ ಅತ್ತಿ. ಹುಡುಗಿಗೆ. ನಾ ಆಕಿಗೆ ಕದ್ದು ಉಪ್ಪಿನಕಾಯಿ ತಿನಿಸಿದ್ದೆ. ಅಜ್ಜಿಗೆ ಹೇಳೂದಿಲ್ಲ ಅಂತ ಆಕಿ ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದ್ಲು. ಇವಗ ಆಗ ಮಾತ ಎಲ್ಲಿ ಬರತಿತ್ರಿ?”

ತುಪ್ಪದ ಮಿಳ್ಳಿ ಹಿಡಿದ ನಾದಿನಿಯ ಕೈ ಗಾಳಿಯಲ್ಲೇ ನಿಂತಿತು. ಅತ್ತೆ ಫೋನನ್ನು ಇಸಿದುಕೊಂಡರು. ಮತ್ತೆ ಪರದೆಯ ತುಂಬ ಅವರ ಮುಖ.

“ಯಾವ ಉಪ್ಪಿನಕಾಯಿ?”

“ಮಾವಿಂದ್ರಿ.”

“ಖಾರ ಹಾಕಿದ್ದೋ?”

“ಬ್ಯಾಡಗ್ಯಾಗ ಖಾರ ಹಾಕದ ಉಪ್ಪಿನಕಾಯಿ ಎಲ್ಲೈತ್ರಿ ಅತ್ತಿ?”

“ಎಷ್ಟ?”

“ಒಂದ ಬೆರಳ್ರಿ.” ಆರು ದಿನ ಮನೆಯೊಳಗೆ ದೇವಿ ಕೂತಿದ್ದಳಲ್ಲ, ಸುಳ್ಳು ಪೂರ್ತಿ ಬರಲಿಲ್ಲ. “ಮೂರು ದಿನಾ.”

ಅತ್ತೆ ದೀರ್ಘವಾಗಿ ಉಸಿರು ಬಿಟ್ಟರು. “ಅದಕ್ಕ! ಅದಕ್ಕ ಇಪ್ಪತ್ತೊಂದು ವರ್ಷ ತಡದು ಈಗ ಬಂದಾಳ ನಿನ್ನ ಕೇಳಾಕ. ನಾ ಯೋಚನಿ ಮಾಡಾಕತ್ತಿದ್ದೆ, ಈ ವಯಸ್ಸಿನ್ಯಾಗ ಇವಳಿಗೆ ಯಾಕ ಬಂತು ಅಂತ.”

ಆಗ ಮಗಳು ನಕ್ಕಳು. ಆರು ದಿನದಲ್ಲಿ ಅವಳ ನಗು ಕೇಳಿದ್ದು ಆಗಲೇ. “ಅವ್ವಾ, ನಾ ಆಣಿ ಹಾಕಿದ್ನೇನು? ನೋಡು ಮತ್ತ, ಯಾರಿಗೂ ಹೇಳಿಲ್ಲ. ನನಗೂ ಹೇಳ್ಕೊಂಡಿಲ್ಲ!” ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಒರೆಸಿಕೊಂಡದ್ದು ನಗೆಯ ನೀರೊಂದೇ ಅಲ್ಲ ಎಂದು ನನಗೆ ಇಲ್ಲಿಂದಲೇ ತಿಳಿಯಿತು.

ಮಗ ಗಾಬರಿಯಾದ. “ಹಂಗಾದ್ರ ನನಗ ಬಂದಿಲ್ಲ! ನಂದೇನು ಗತಿ?”

“ನಿನಗ ಬಂದ್ರ ಉಪ್ಪಿನಕಾಯಿ ತಿನಿಸಾಕ ನಿಮ್ಮವ್ವ ಅದಾಳಲ್ಲ, ಯಾಕ ಅಂಜತಿ?” ಎಂದರು ಅತ್ತೆ.

ನನ್ನ ಗಂಡ ಇಂಥ ಹೊತ್ತಿನಲ್ಲಿ ಬಾಯಿ ಬಿಡಬಾರದು, ಬಿಟ್ಟರು. “ಮತ್ತ ಯವ್ವಾ, ಹುಡುಗಗ ಬಂದಿತ್ತು, ಚಂದ ನೆನಪೈತಿ ಅಂದಿದ್ದೆಲ್ಲ?”

“ನಾ ಎಲ್ಲಿ ಹಂಗಂದೆ? ಇಬ್ಬರಾಗ ಒಬ್ಬರಿಗೆ ಅಂದಿದ್ದೆ. ಸುಮ್ಮ ಉಣ್ಣು.”

ಮಗಳು ತಾಟಿನಲ್ಲಿ ಗುಪ್ಪೆ ಹಾಕಿದ್ದ ಹೋಳಿಗೆಯ ಚೂರುಗಳನ್ನೆಲ್ಲ ತುಪ್ಪದಲ್ಲಿ ಕಲಸಿ ತಿಂದಳು. ಇನ್ನೊಂದು ಹಾಕಿಸಿಕೊಂಡಳು. ಮೂರನೆಯದಕ್ಕೆ ಸೋದರತ್ತೆ ಕೇಳದೆಯೇ ಬಡಿಸಿದಳು. ನಾನು ಎದುರಿಗೆ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದೆ. ನನ್ನ ತಾಟಿನ ಅನ್ನ ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಎರಡನೆಯ ಸಲ ಹಾಕಿಕೊಂಡು ಉಂಡೆ. ಆರು ದಿನದ ಮೊಸರನ್ನದಲ್ಲಿ ಅದೊಂದಕ್ಕೆ ರುಚಿ ಇತ್ತು. ಉಪ್ಪು ಹಾಕಿಕೊಳ್ಳಲು ಮರೆತಿದ್ದೆ ಎಂದು ಕೈ ತೊಳೆಯುವಾಗ ನೆನಪಾಯಿತು.

ಫೋನು ಇಡುವ ಮುಂಚೆ ಅತ್ತೆ ತೀರ್ಪು ಕೊಟ್ಟರು. ಮಗಳ ಹೆರಿಗೆ ಆಗುವವರೆಗೆ ನಾನು ಉಪ್ಪಿನಕಾಯಿ ಮುಟ್ಟುವಂತಿಲ್ಲ. ಹೆರಿಗೆಯಾದ ಮೇಲೆ ದೇವಿಗೆ ಸೀರೆ ಉಡಿಸಿ ಉಡಿ ತುಂಬಿ, ತಪ್ಪು ಒಪ್ಪಿಸಿಕೊಳ್ಳಬೇಕು. “ಆತ್ರಿ” ಎಂದೆ. ಭರಣಿಗೆ ಅರಿವೆ ಕಟ್ಟಿ, ಕೈಗೆಟುಕದಂತೆ ಅಟ್ಟದ ಮೇಲೆ ಇಟ್ಟೆ.

ಹಬ್ಬದ ಮರುದಿನ ಮಧ್ಯಾಹ್ನ ರಿಪೋರ್ಟು ಬಂತು. ಸಣ್ಣಂದಿನಲ್ಲಿ ಬಂದು ಹೋಗಿದೆ, ಇಂಜೆಕ್ಷನ್ ಬೇಡ, ಆರಾಮ ಇರಿ ಎಂದು ಡಾಕ್ಟರಮ್ಮ ಹೇಳಿದರಂತೆ. “ಹಂಗಾದ್ರ ನಿಮ್ಮವ್ವ ಖರೇನ ತಿನಿಸ್ಯಾಳ” ಎಂದು ಅತ್ತೆ ಅಂದರಂತೆ. ಆವರೆಗೆ ಅವರು ಅದನ್ನು ಪೂರ್ತಿ ನಂಬಿರಲಿಲ್ಲ. ನನ್ನ ಮೇಲೆ ಅಷ್ಟು ಒಳ್ಳೆಯ ಅಭಿಪ್ರಾಯವಿತ್ತು. ಆ ದಿನ ಸಂಜೆ ದೀಪ ಹಚ್ಚಿ, ಬಿಟ್ಟಿದ್ದ ಆ ಬೆರಳನ್ನು ಮಡಚಿದೆ.

ಜ್ಯೇಷ್ಠ ಮಾಸದಲ್ಲಿ ಹೆರಿಗೆಯಾಯಿತು. ಹೆಣ್ಣುಮಗು, ತಾಯಿಯೂ ಕೂಸೂ ಗಟ್ಟಿಮುಟ್ಟು. ದೇವಿಗೆ ಸೀರೆ ಉಡಿಸಿ ಬಂದೆ. ಆ ಮೂರು ತಿಂಗಳು ನಾನು ಉಪ್ಪಿನಕಾಯಿ ಮುಟ್ಟಲಿಲ್ಲ. ಒಂದು ಸಲ ಮುಟ್ಟಿದೆ. ಹೊಸ ಮಾವಿನಕಾಯಿ ಹಾಕುವಾಗ ಉಪ್ಪು ಸರಿಯಾಗಿದೆಯೋ ನೋಡಬೇಕಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೇವಿಗೆ ಅದನ್ನು ಉಡಿ ತುಂಬುವಾಗಲೇ ಒಪ್ಪಿಸಿದ್ದೇನೆ. ಅತ್ತೆಗೆ ಇದನ್ನು ಓದಿಸಿಕೊಂಡ ಮೇಲೆ ಗೊತ್ತಾಗುತ್ತದೆ.